ಚರ್ಮ ಹೊದಿಸಿದ ಮೂರು ಭಾರಗಳು

ನನ್ನ ತಮ್ಮ ತೀರಿಕೊಂಡ ಸುದ್ದಿ ಬಂದದ್ದು ಒಂದು ಬುಧವಾರ, ಬೆಳಗಿನ ಹತ್ತೂಕಾಲಿಗೆ. ಆಗ ನಾನು ಅಂಗಡಿಯಲ್ಲಿ ಅಂಟು ಕಾಯಿಸುತ್ತಿದ್ದೆ. ಅಂಟು ಒಲೆಯ ಮೇಲಿರುವಾಗ ಬಿಟ್ಟು ಏಳಬಾರದು, ತಳ ಹಿಡಿಯುತ್ತದೆ. ಬೈಂಡಿಂಗ್ ಕೆಲಸದಲ್ಲಿ ಅಪ್ಪ ಕಲಿಸಿದ ಮೊದಲ ಪಾಠ ಅದು. ಆದ್ದರಿಂದ ಫೋನು ಮೂರು ಸಲ ಬಡಿದುಕೊಂಡು ನಿಂತರೂ ನಾನು ಏಳಲಿಲ್ಲ. ನಾಲ್ಕನೆಯ ಸಲಕ್ಕೆ ಎದುರಂಗಡಿಯ ಗಡಿಯಾರ ರಿಪೇರಿಯವನು ರಸ್ತೆ ದಾಟಿ ಬಂದ.

"ಯಜಮಾನ್ರೇ, ಅದು ಬಾಯಿ ಬಡ್ಕೊಂಡು ಸಾಯ್ತಾ ಇದೆ. ಎತ್ತಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಬೈದು ತಾನೇ ಎತ್ತಿದ.

ಕೇಳಿಸಿಕೊಂಡು, ಫೋನು ಕೆಳಗಿಟ್ಟು, ನನ್ನ ಒಲೆಯನ್ನು ಆರಿಸಿದ. ಇಪ್ಪತ್ತು ವರ್ಷದಿಂದ ನನ್ನನ್ನು ಬಲ್ಲವನು ಅವನು. ಅಂಟು ಅರ್ಧ ಕಾದಿರುವಾಗ ಅವನು ಒಲೆ ಆರಿಸಿದನೆಂದರೆ ಇನ್ನು ಯಾವ ಮಾತೂ ಬೇಕಿರಲಿಲ್ಲ. ಯಾರು ಎಂದಷ್ಟೇ ಕೇಳಿದೆ.

"ನಿಮ್ಮ ತಮ್ಮ. ಮನೇಲಿ ಸಿಲಿಂಡರ್ ಸಿಡೀತಂತೆ," ಎಂದ.

ತಮ್ಮನಿದ್ದದ್ದು ಪಕ್ಕದ ಊರಿನಲ್ಲಿ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಕ್ಕ ನಮ್ಮೂರಿನಲ್ಲೇ ಮೂರು ಬೀದಿ ಆಚೆ ಇದ್ದಳು. ಅವಳನ್ನು ಕರೆದುಕೊಂಡು ಹೊರಟೆ. ಅವಳಿಗೆ ಎಪ್ಪತ್ತೈದು, ನನಗೆ ಎಪ್ಪತ್ತೊಂದು, ಅವನಿಗೆ ಅರವತ್ತಾರು. ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು ಹೇಳುತ್ತಿದ್ದಳು: "ಚಿಕ್ಕೋನು ಮುಂದೆ ಹೋಗೋದಾ, ಇದ್ಯಾವ ನ್ಯಾಯ?" ನಾನು ಮನಸ್ಸಿನಲ್ಲಿ ದೇವರ ಹೆಸರು ಹೇಳುತ್ತ ಕುಳಿತಿದ್ದೆ.

ತಮ್ಮ ರಟ್ಟಿನ ಪೆಟ್ಟಿಗೆ ಮಾಡುತ್ತಿದ್ದ. ಬಳೆ, ಪಾದರಕ್ಷೆ, ಔಷಧದ ಸೀಸೆ, ಇಂಥವಕ್ಕೆಲ್ಲ ಪೆಟ್ಟಿಗೆ. ಮನೆಯ ಮುಂಭಾಗವೇ ಅವನ ಕಾರ್ಖಾನೆ. ನಾವು ಹೋದಾಗ ಆ ಮುಂಭಾಗವಿರಲಿಲ್ಲ. ಹಿಂಭಾಗದಲ್ಲಿ ಅಡುಗೆಮನೆ ಇದ್ದ ಹಾಗೆಯೇ ಇತ್ತು. ಗೋಡೆಯ ಮೊಳೆಗೆ ತಗುಲಿಸಿದ್ದ ಜರಡಿ ಕೂಡ ಬಿದ್ದಿರಲಿಲ್ಲ. ತಮ್ಮನ ಹೆಂಡತಿ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದುದರಿಂದ ಉಳಿದುಕೊಂಡಿದ್ದಳು. ನನ್ನನ್ನು ಕಂಡವಳೇ ಮೊದಲು ಹೇಳಿದ್ದು ಇದು:

"ಭಾವ, ಎಲ್ಲರೂ ಸಿಲಿಂಡರ್ ಸಿಲಿಂಡರ್ ಅಂತಾರೆ. ಸಿಲಿಂಡರ್ ಅಲ್ಲೇ ಒಲೆ ಪಕ್ಕ ನೆಟ್ಟಗೆ ನಿಂತಿದೆ. ಒಬ್ಬರೂ ಒಳಗೆ ಹೋಗಿ ನೋಡ್ತಿಲ್ಲ."

ನಾನು ಒಳಗೆ ಹೋಗಿ ನೋಡಿದೆ. ನೆಟ್ಟಗೇ ನಿಂತಿತ್ತು.

ಮರುದಿನ ಅಂತ್ಯಕ್ರಿಯೆ ಮುಗಿಸಿದೆವು. ಅದನ್ನು ಇಲ್ಲಿ ಬರೆಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಂಬ್ ದಳದ ಅಧಿಕಾರಿಯೊಬ್ಬರು ಬಂದರು. ಸಣಕಲು ಮನುಷ್ಯ. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಮಾತಿಗೊಮ್ಮೆ "ಮೆಲ್ಲಗೆ, ಮೆಲ್ಲಗೆ" ಎನ್ನುವುದರಿಂದ ಅವರ ಕೈಕೆಳಗಿನವರು ಅವರನ್ನು ಬೆನ್ನ ಹಿಂದೆ ಮೆಲ್ಲಗೆ ಸಾಹೇಬರು ಎನ್ನುತ್ತಿದ್ದರು. ಅವರು ಒಂದು ತಟ್ಟೆಯಲ್ಲಿ ಕಬ್ಬಿಣದ ಚೂರುಗಳನ್ನು ಹರಡಿ ನಮ್ಮ ಮುಂದಿಟ್ಟರು.

"ಇದು ಫಿರಂಗಿಯ ಶೆಲ್. ಹಳೇ ಯುದ್ಧದ್ದು," ಎಂದರು. "ಅದರಲ್ಲಿ ಅನುಮಾನ ಇಲ್ಲ. ಈ ಸೀಮೇಲಿ ವರ್ಷಕ್ಕೆ ನಾಲ್ಕೈದು ಸಿಗ್ತಾವೆ, ಪಾಯ ತೋಡುವಾಗ, ಪೈಪು ಹಾಕುವಾಗ. ನನಗೆ ಅರ್ಥ ಆಗದೇ ಇರೋದು ಇದೊಂದು."

ಇಕ್ಕಳದಲ್ಲಿ ಒಂದು ಚೂರನ್ನು ಎತ್ತಿದರು. ಅಂಗೈಯಷ್ಟು ಅಗಲ. ಅದರ ಹೊರಮೈಗೆ ಸುಟ್ಟ ಚರ್ಮ ಅಂಟಿಕೊಂಡಿತ್ತು. ಚರ್ಮದ ಅಂಚಿನಲ್ಲಿ ಒತ್ತೊತ್ತಾದ ಓರೆ ಹೊಲಿಗೆ. ಹೊಲಿಗೆಯ ಪಕ್ಕದಲ್ಲಿ, ಅರ್ಧ ಸುಟ್ಟಿದ್ದರೂ ಕಾಣುವ ಹಾಗೆ, ಚಿನ್ನದ ರೇಕಿನ ಎರಡು ಎಂಬ ಅಂಕಿ.

"ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ಶೆಲ್ಲಿಗೆ ಕೋಟು ಹಾಕಿದೋರನ್ನ ನೋಡಿಲ್ಲ," ಎಂದರು ಸಾಹೇಬರು.

ಪಕ್ಕದಲ್ಲಿ ಕುಳಿತಿದ್ದ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಆ ಹಿಡಿತದ ಅರ್ಥ ನನಗೆ ಗೊತ್ತು. ಬಾಯಿ ಬಿಡಬೇಡ ಎಂದು.

ಆ ಹೊಲಿಗೆ ಅಪ್ಪನದು. ಆ ಅಂಕಿಯ ಅಚ್ಚು ಇವತ್ತಿಗೂ ನನ್ನ ಅಂಗಡಿಯ ಎರಡನೆಯ ಖಾನೆಯಲ್ಲಿದೆ.

ಯುದ್ಧ ನಡೆದಾಗ ನನಗೆ ಒಂಬತ್ತು ವರ್ಷ. ಅಪ್ಪನದು ಪುಸ್ತಕ ಕಟ್ಟುವ ಅಂಗಡಿ. ಅವರ ಬಳಿ ಆಳೆತ್ತರದ ಕಬ್ಬಿಣದ ಒತ್ತುಯಂತ್ರವಿತ್ತು. ಅಂಟು ಹಚ್ಚಿದ ಪುಸ್ತಕವನ್ನು ಅದರಲ್ಲಿ ರಾತ್ರಿಯಿಡೀ ಒತ್ತಿಟ್ಟರೆ ಬೆಳಿಗ್ಗೆ ಹಲಗೆಯಷ್ಟು ಚಪ್ಪಟೆಯಾಗಿ ಬರುತ್ತಿತ್ತು. ಯುದ್ಧಕ್ಕೆ ಲೋಹ ಬೇಕೆಂದು ಸರ್ಕಾರದವರು ಅದನ್ನು ಬಿಚ್ಚಿ ಗಾಡಿಯಲ್ಲಿ ಒಯ್ದರು. ಯುದ್ಧ ಮುಗಿದ ಮೇಲೆ ಕೆಲಸ ಬಂತು, ಯಂತ್ರ ಬರಲಿಲ್ಲ. ಒಂದು ದಿನ ಅಪ್ಪ ಕೈಗಾಡಿಯಲ್ಲಿ ಮೂರು ಶೆಲ್‌ಗಳನ್ನು ತಳ್ಳಿಕೊಂಡು ಬಂದರು. ಇಟ್ಟಿಗೆ ಸುಡುವ ಬಯಲಿನಲ್ಲಿ ಸಿಕ್ಕಿದವು. ಅಡಿ ಚಪ್ಪಟೆ, ತಲೆ ಚೂಪು, ಒಂದೊಂದೂ ಹತ್ತು ಕಿಲೋ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸಿಡಿಯೋದು ಸಿಡಿದಾಯ್ತು ಕಣೇ," ಎಂದರು ಅಪ್ಪ. "ಸಿಡಿಯದೆ ಉಳಿದದ್ದು ಬರೀ ಕಬ್ಬಿಣ. ನನ್ನ ಯಂತ್ರ ಒಯ್ದು ಕರಗಿಸಿದ್ರು, ಈಗ ತುಂಡು ತುಂಡಾಗಿ ವಾಪಸು ಕೊಟ್ಟಿದ್ದಾರೆ. ತಗೊಳ್ಳೋದು ಬಿಟ್ಟು ಅಡ್ಡ ನಿಲ್ತೀಯಲ್ಲ."

ಅಮ್ಮ ನಕ್ಕುಬಿಟ್ಟಳು. ನಕ್ಕ ಮೇಲೆ ಅಡ್ಡ ನಿಲ್ಲುವುದು ಹೇಗೆ?

ನಮ್ಮ ಕಸುಬಿನಲ್ಲಿ ಬರಿಯ ಕಬ್ಬಿಣವನ್ನು ಪುಸ್ತಕದ ಮೇಲೆ ಇಡುವುದಿಲ್ಲ. ತುಕ್ಕು ಹತ್ತುತ್ತದೆ, ರಟ್ಟಿನ ಮೇಲೆ ಗೀರು ಬೀಳುತ್ತದೆ. ಇಟ್ಟಿಗೆಯಾಗಲಿ ಕಲ್ಲಾಗಲಿ, ಭಾರವೆಂದು ಬಳಸುವುದಕ್ಕೆಲ್ಲ ಬಟ್ಟೆಯೋ ಚರ್ಮವೋ ಹೊದಿಸುತ್ತೇವೆ. ಅಪ್ಪ ಆ ಮೂರಕ್ಕೂ ಒಳಗೆ ಕ್ಯಾಲಿಕೊ ಬಟ್ಟೆ, ಹೊರಗೆ ಕಂದು ಚರ್ಮ ಹೊದಿಸಿ, ನೆತ್ತಿಯ ಮೇಲೆ ಚರ್ಮದ ಹಿಡಿ ಹೊಲಿದು, ಹೊಟ್ಟೆಯ ಮೇಲೆ ಒಂದು, ಎರಡು, ಮೂರು ಎಂದು ಚಿನ್ನದ ರೇಕಿನಲ್ಲಿ ಅಂಕಿ ಒತ್ತಿದರು. ದೊಡ್ಡ ಪುಸ್ತಕಕ್ಕೆ ಹೇಗೆ ಮಾಡುತ್ತಿದ್ದರೋ ಹಾಗೇ, ಒಂದು ಹೊಲಿಗೆಯೂ ಸಡಿಲವಿಲ್ಲದೆ. ಅಂದಿನಿಂದ ಅವು ನಮ್ಮ ಮನೆಯಲ್ಲಿ ಭಾರಗಳಾದವು. ಒಳಗೇನಿದೆ ಎಂಬುದನ್ನು ನಾವು ಮುಚ್ಚಿಡಲಿಲ್ಲ, ಮರೆತೆವು ಅಷ್ಟೆ. ಅಪ್ಪ ತೀರಿಕೊಳ್ಳುವ ಮೊದಲು ಪಾಲು ಮಾಡಿದಾಗ ಒಂದು ನನಗೆ, ಎರಡು ತಮ್ಮನಿಗೆ, ಮೂರು ಅಕ್ಕನಿಗೆ ಬಂತು. ಮೊದಲು ಹುಟ್ಟಿದವಳಿಗೆ ಕೊನೆಯ ನಂಬರು ಕೊಟ್ಟರೆಂದು ಅಕ್ಕ ಇವತ್ತಿಗೂ ಎತ್ತಿ ಆಡುತ್ತಾಳೆ.

ಸಾಹೇಬರು ತಮ್ಮನ ಹೆಂಡತಿಯನ್ನು ಕೇಳಿದರು, "ಬುಧವಾರ ಅವರು ಏನು ಮಾಡ್ತಾ ಇದ್ದರು, ಅಮ್ಮ? ಮೆಲ್ಲಗೆ ಯೋಚನೆ ಮಾಡಿ ಹೇಳಿ."

"ಭಾರದ ಹಿಡಿ ಕಿತ್ತುಹೋಗಿತ್ತು," ಎಂದಳು ಅವಳು. "ಭಾವನ ಹತ್ರ ಹೊಲಿಸ್ಬೇಕು ಅಂತ ಮೂರು ತಿಂಗಳಿಂದ ಹೇಳ್ತಾನೇ ಇದ್ರು. ಅವತ್ತು ಬೇಜಾರಾಗಿ, ಇನ್ನು ಕಾಯಲ್ಲ, ನೆತ್ತೀಲಿ ತೂತು ಹೊಡೆದು ಕಬ್ಬಿಣದ ಹಿಡೀನೇ ಹಾಕ್ತೀನಿ ಅಂತ ಪಕ್ಕದ ಮನೆ ಡ್ರಿಲ್ ಇಸ್ಕೊಂಡು ಬಂದು ಕೂತ್ರು."

ಅವಳು ನನ್ನನ್ನು ದೂರಲಿಲ್ಲ. ಆದದ್ದನ್ನು ಹೇಳಿದಳು. ನನ್ನ ಕಿವಿಯಲ್ಲಿ ಮಾತ್ರ ಫೋನಿನಲ್ಲಿ ತಮ್ಮ ನಗುತ್ತ ಆಡಿದ ಮಾತು ಕೇಳಿಸಿತು: "ನಾಳೆ ಅಂದೋನ ಮನೆ ಹಾಳು ಕಣೋ ಅಣ್ಣಾ." ಹತ್ತು ನಿಮಿಷದ ಹೊಲಿಗೆ ಅದು. ನಾನು ಪ್ರಾರ್ಥನಾ ಮಂದಿರದ ದೊಡ್ಡ ಪುಸ್ತಕ ಕಟ್ಟುತ್ತಿದ್ದೆ. ದೇವರ ಕೆಲಸ ಮೊದಲು, ನಿನ್ನದು ಆಮೇಲೆ ಎಂದಿದ್ದೆ.

"ಹೊರಗೆ ಬಾ," ಎಂದಳು ಅಕ್ಕ. ಹೊರಗೆ ಹೋದೆವು.

"ನೋಡು ದೊಡ್ಡೋನೇ, ಅಪ್ಪ ಮಗನ್ನ ಕೊಂದ ಅಂತ ಕಾಗದದ ಮೇಲೆ ಬರೆಸ್ಬೇಕು ಅಂತಿದೀಯಾ?"

"ಇಲ್ಲ."

"ಮತ್ತೆ ಸುಮ್ನಿರು. ಎಲ್ಲೋ ನೆಲದಲ್ಲಿ ಸಿಕ್ತು, ಚಿಕ್ಕೋನು ತಂದ, ಅಷ್ಟೇ. ಸತ್ತೋರು ಬಂದು ಇಲ್ಲ ಅಂತಾರಾ?"

"ನನ್ನ ಅಂಗಡೀಲಿ ಒಂದನೇ ನಂಬರ್ ಇದೆ ಅಕ್ಕ. ಮಂದಿರದ ಪುಸ್ತಕದ ಮೇಲೆ ಕೂತಿದೆ. ಗೋಡೆ ಆ ಕಡೆ ಗಡಿಯಾರದೋನ ತಂಗಿ ಮನೆ. ನಾನು ಹೇಗೆ ಸುಮ್ನಿರಲಿ?"

"ಅದನ್ನ ಎಲ್ಲಾದ್ರೂ ಎಸೆದು ಬಾ."

"ಎಸೆಯೋಕೆ ಅದೇನು ಕೊಳೆತ ಹಣ್ಣೇ?"

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಒಳಗೆ ಬಂದು ಸಾಹೇಬರ ಮುಂದೆ ಕುಳಿತು, ಕೈಗಾಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಪ್ಪನ ಹೆಸರನ್ನೂ ಹೇಳಿದೆ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ನಿಮ್ಮದನ್ನ ಎಷ್ಟು ಸಲ ಎತ್ತಿ ಇಟ್ಟಿದ್ದೀರಿ?"

"ದಿನಕ್ಕೆ ಎರಡು ಸಲ. ನಲವತ್ತೆಂಟು ವರ್ಷದಿಂದ."

"ಬೀಳಿಸಿದ್ದು ಉಂಟೇ?"

"ಒಂದು ಸಲ. ಕಾಲ ಮೇಲೆ. ಕಾಲು ಮುರೀತು."

"ಕಾಲು ಮುರೀತು ಅಂತ ಬೇಜಾರು ಮಾಡ್ಕೊಂಡಿದ್ರಾ?"

"ಒಂದು ತಿಂಗಳು ಬೈದೆ."

ಅವರು ನಗಲಿಲ್ಲ. "ಮೂರನೆಯದು?" ಎಂದು ಅಕ್ಕನ ಕಡೆ ತಿರುಗಿದರು.

"ಹಾಳು ಬಾವಿಗೆ ಹಾಕಿ ಮೂವತ್ತು ವರ್ಷ ಆಯ್ತು," ಎಂದಳು ಅಕ್ಕ. "ಬಾವೀನೂ ಮುಚ್ಚಿದ್ರು."

ಸಾಹೇಬರು ಬರೆದುಕೊಂಡರು. ನನ್ನ ಅಂಗಡಿಯ ಬೀಗದ ಕೈ ಇಸಿದುಕೊಂಡು ತಮ್ಮ ಗಾಡಿಯಲ್ಲಿ ಹೊರಟರು. ಆ ಗಾಡಿಯಲ್ಲಿ ಹೊರಗಿನವರನ್ನು ಕೂರಿಸುವಂತಿಲ್ಲವಂತೆ. ನಾವಿಬ್ಬರೂ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ನನಗೆ ಬಾವಿಯ ಮಾತು ಗಂಟಲಿನಲ್ಲಿ ಇಳಿಯಲಿಲ್ಲ. ನಮ್ಮ ಅಕ್ಕ ಮುರಿದ ಸೂಜಿಯನ್ನೂ ಎಸೆದವಳಲ್ಲ. ಹರಿದ ಚೀಲದ ಹಿಡಿ, ಕಿವಿ ಒಡೆದ ಬಟ್ಟಲು, ಎಲ್ಲ ಅವಳ ಮಂಚದ ಕೆಳಗಿವೆ. ಹತ್ತು ಕಿಲೋ ಭಾರವನ್ನು, ಅದೂ ಅಪ್ಪ ಕೊಟ್ಟದ್ದನ್ನು, ಅವಳು ಬಾವಿಗೆ ಹಾಕಿದಳೆಂದರೆ ಯಾರು ನಂಬಬೇಕು?

"ಅಕ್ಕ, ಮೂರನೇದು ಎಲ್ಲಿದೆ?"

"ಹೇಳಿದ್ನಲ್ಲ."

"ಸಾಹೇಬರಿಗೆ ಹೇಳಿದೆ. ನನಗೆ ಹೇಳು."

ಊರ ಮುಂದಿನ ಸೇತುವೆ ದಾಟಿದ ಮೇಲೆ ಮೆತ್ತಗೆ ಹೇಳಿದಳು.

"ಆಸ್ಪತ್ರೇಲಿ."

ಅಕ್ಕ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು. ಆ ವಾರ್ಡಿನ ಬಾಗಿಲಿಗೆ ಸ್ಪ್ರಿಂಗ್ ಇತ್ತಂತೆ, ಬಿಟ್ಟರೆ ಧಡಾರನೆ ಬಡಿಯುತ್ತಿತ್ತಂತೆ, ಕೂಸುಗಳು ಬೆಚ್ಚಿ ಅಳುತ್ತಿದ್ದವಂತೆ. ಬಾಗಿಲಿಗೆ ಒತ್ತಾಗಿ ಇಡಲು ಅವಳು ಮನೆಯಿಂದ ಮೂರನೇ ನಂಬರನ್ನು ಒಯ್ದಿದ್ದಳು. ನಿವೃತ್ತಿಯಾದಾಗ ಅಲ್ಲೇ ಬಿಟ್ಟು ಬಂದಳು.

"ಈಗ್ಲೂ ಇದೆಯಾ?"

"ಹೋದ ತಿಂಗಳು ಮಾತ್ರೆ ತರೋಕೆ ಹೋದಾಗ ಇತ್ತು."

"ಸಾಹೇಬರು ಕೇಳಿದಾಗ ಯಾಕೆ ಹೇಳಲಿಲ್ಲ?"

"ಹೆಂಗೋ ಹೇಳೋದು?" ಅವಳ ದನಿ ಒಡೆಯಿತು. "ಕೂಸುಗಳಿರೋ ಕೋಣೆಗೆ ಇಂಥದ್ದು ತಂದಿಟ್ಟೋಳು ನಾನು ಅಂತ ಹೇಳಲಾ? ನೀವೆಲ್ಲ ಮಲಗಿದ ಮೇಲೆ ನಾನೇ ಹೋಗಿ ಚೀಲದಲ್ಲಿ ಹಾಕ್ಕೊಂಡು ಬಂದುಬಿಡೋಣ ಅಂದ್ಕೊಂಡೆ."

"ಚೀಲದಲ್ಲಿ."

"ಹೂಂ. ತರಕಾರಿ ಚೀಲದಲ್ಲಿ."

ಬೈಯಲು ಬಾಯಿ ತೆರೆದೆ. ಮೂರು ತಿಂಗಳು ಹೊಲಿಗೆ ಹಾಕದವನಿಗೆ ಬೈಯುವ ಅಧಿಕಾರ ಎಲ್ಲಿಂದ ಬಂತು? ಬಾಯಿ ಮುಚ್ಚಿಕೊಂಡೆ. ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿದೆವು. ಇಳಿದು ಮೊದಲು ಸಾಹೇಬರಿಗೆ ಫೋನು ಮಾಡಿದೆ. ಅವರು ನನ್ನ ಅಂಗಡಿಯಲ್ಲಿದ್ದರು. ಬೀದಿ ಖಾಲಿ ಮಾಡಿಸುತ್ತಿದ್ದರು.

"ಮೆಲ್ಲಗೆ ಕೇಳಿ," ಎಂದರು. "ಅದನ್ನ ಯಾರೂ ಮುಟ್ಟಬಾರದು, ಎತ್ತಬಾರದು, ಬೀಳಿಸಬಾರದು. ನಾನು ಇಲ್ಲಿಯದನ್ನ ಪೆಟ್ಟಿಗೆಗೆ ಇಳಿಸಿ ಬರೋಕೆ ನಲವತ್ತು ನಿಮಿಷ. ಆಸ್ಪತ್ರೆ ದೊಡ್ಡೋರಿಗೆ ನಾನು ಹೇಳ್ತೀನಿ. ನೀವು ಅಲ್ಲಿರ್ತೀರಾ?"

"ಇರ್ತೀನಿ," ಎಂದೆ.

ವಾರ್ಡು ಎರಡನೆಯ ಮಹಡಿಯಲ್ಲಿತ್ತು. ಹಸಿರು ಬಣ್ಣದ ಉದ್ದನೆಯ ಮೊಗಸಾಲೆ, ಕೊನೆಯಲ್ಲಿ ಎರಡು ರೆಕ್ಕೆಯ ಬಾಗಿಲು. ಒಂದು ರೆಕ್ಕೆ ಮುಚ್ಚಿತ್ತು. ತೆರೆದ ರೆಕ್ಕೆಗೆ ಒತ್ತಾಗಿ ಅದು ನಿಂತಿತ್ತು. ಚರ್ಮ ಕಪ್ಪಾಗಿತ್ತು, ಅಡಿಯಲ್ಲಿ ನೆಲ ಒರೆಸುವ ನೀರು ತಾಗಿ ಬಿಳಿಚಿಕೊಂಡಿತ್ತು, ಆದರೆ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಚಿನ್ನದ ಮೂರು ಹೊಳೆಯುತ್ತಿತ್ತು. ಚೂಪಾದ ನೆತ್ತಿಗೆ ಯಾರೋ ಕೂಸಿನ ಉಣ್ಣೆಯ ಟೋಪಿ ಹಾಕಿದ್ದರು. ಗುಲಾಬಿ ಬಣ್ಣದ್ದು, ಕಿವಿಯ ಬಳಿ ದಾರ ಇಳಿಬಿದ್ದಿದ್ದು.

ನಾನು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಸ್ಪ್ರಿಂಗಿನ ತಳ್ಳಾಟ ಬೆನ್ನಿಗೆ ತಾಗಿತು. ಈಗ ಬಾಗಿಲು ನನ್ನ ಮೇಲೆ ನಿಂತಿತ್ತು, ಅದರ ಮೇಲಲ್ಲ.

ನೆಲ ಒರೆಸುವ ಹೆಂಗಸು ಬಕೆಟ್ ತಂದು ನನ್ನ ಪಾದದ ಮುಂದೆ ಇಟ್ಟಳು. "ಸರೀರಿ ತಾತ. ಬಾಗಿಲಜ್ಜೀನ ಆ ಕಡೆ ತಳ್ಳಬೇಕು, ಕೆಳಗಡೆ ಒರೆಸ್ಬೇಕು."

"ಯಾವ ಅಜ್ಜಿ?"

"ಇವ್ರೇ." ಕಾಲು ಎತ್ತಿ ತೋರಿಸಿದಳು. "ದಿನಾ ಮೂರು ಸಲ ಒದ್ದು ಜರುಗಿಸ್ತೀನಿ. ಒಂದಿನಾನೂ ಮುನಿಸ್ಕೊಂಡಿಲ್ಲ, ಪಾಪ."

"ಇವತ್ತು ಒದೀಬೇಡಮ್ಮ."

"ಯಾಕೆ, ನಿಮ್ಮ ನೆಂಟರಾ?"

"ಹೌದು," ಎಂದೆ. "ನಮ್ಮ ಮನೇದೇ. ಇದರ ಜೊತೇದು ಇನ್ನೊಂದಿತ್ತು. ಬುಧವಾರ ಸಿಡಿದು ನನ್ನ ತಮ್ಮ ಹೋದ. ಇದರೊಳಗೆ ಯುದ್ಧದ ಶೆಲ್ ಇದೆ. ಬಾಂಬ್ ದಳದೋರು ಬರ್ತಾ ಇದ್ದಾರೆ. ನೀನು ಬಕೆಟ್ ಅಲ್ಲೇ ಬಿಟ್ಟು ಮೆಲ್ಲಗೆ ಹಿಂದೆ ಹೋಗು."

ಅವಳು ನನ್ನ ಮುಖ ನೋಡಿದಳು, ಟೋಪಿ ನೋಡಿದಳು, ತನ್ನ ಕಾಲು ನೋಡಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಹಿರಿಯ ನರ್ಸ್ ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಹೆರಿಗೆಯ ಚೀಟಿಗಳ ಕಟ್ಟು.

"ಏನ್ರೀ ಇದು? ಭೇಟಿ ಸಮಯ ನಾಲ್ಕು ಗಂಟೆಗೆ. ಬಾಗಿಲಿಗೆ ಅಡ್ಡ ಯಾಕೆ ನಿಂತಿದ್ದೀರಿ?"

ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವರು ಅರ್ಧಕ್ಕೇ ಕೈ ಎತ್ತಿದರು.

"ಯಜಮಾನ್ರೇ, ನಿಮಗೆ ದುಃಖ ಆಗಿದೆ, ಅರ್ಥ ಆಗುತ್ತೆ. ಆದ್ರೆ ಹದಿನೆಂಟು ವರ್ಷದಿಂದ ಇದನ್ನ ನೋಡ್ತಾ ಇದ್ದೀನಿ. ಇದು ಚರ್ಮದ ದಿಂಬು. ಒಳಗೆ ಮರಳಿದೆ. ಬೇಕಾದ್ರೆ ಎತ್ತಿ ತೋರಿಸ್ತೀನಿ," ಎಂದು ಬಗ್ಗಿದರು.

"ಮುಟ್ಟಬೇಡ ಸಿಸ್ಟರ್."

ಹೇಳಿದ್ದು ಅಕ್ಕ. ಅಲ್ಲಿಯವರೆಗೆ ಅವಳು ಮೆಟ್ಟಿಲ ಬಳಿಯೇ ಗೋಡೆ ಹಿಡಿದು ನಿಂತಿದ್ದಳು. ಈಗ ಮೊಗಸಾಲೆಯ ನಡುವೆ ನಡೆದು ಬಂದಳು. ಹಿರಿಯ ನರ್ಸ್ ಅವಳ ಗುರುತು ಹಿಡಿದರು.

"ಆಯಮ್ಮಾ, ನೀವಾ? ಇವರು ನಿಮ್ಮ ತಮ್ಮಾನಾ?"

"ತಮ್ಮ. ಅವನು ಹೇಳಿದ್ದೆಲ್ಲ ನಿಜ. ಇದನ್ನ ಇಲ್ಲಿ ತಂದಿಟ್ಟೋಳು ನಾನು. ನನ್ನ ಈ ಕೈಲೇ ಎತ್ಕೊಂಡು ಬಂದೆ. ನೀನು ಮಕ್ಕಳನ್ನ ಹಿಂದಿನ ಬಾಗಿಲಿಂದ ಕರ್ಕೊಂಡು ಹೋಗು. ಆಮೇಲೆ ಎಷ್ಟು ಬೇಕಾದ್ರೂ ಬೈ."

ನರ್ಸ್ ಬಗ್ಗಿದವರು ಹಾಗೆಯೇ ಎದ್ದು ನಿಂತರು. ಅದೇ ಹೊತ್ತಿಗೆ ಒಳಗೆ ಅವರ ಮೇಜಿನ ಫೋನು ಬಡಿಯಿತು. ಹೋಗಿ ಎತ್ತಿದರು. ಕೇಳಿಸಿಕೊಳ್ಳುತ್ತ ಅವರು ಕನ್ನಡಕ ತೆಗೆದದ್ದು ಇಲ್ಲಿಗೇ ಕಾಣಿಸಿತು. ಒಮ್ಮೆ ಮನಸ್ಸು ಮಾಡಿದ ಮೇಲೆ ಆಕೆ ಗಟ್ಟಿಗಿತ್ತಿ. ಕೂಗಲಿಲ್ಲ, ಓಡಲಿಲ್ಲ. ಹದಿಮೂರು ತಾಯಂದಿರು, ಹದಿಮೂರು ಕೂಸುಗಳು, ಇನ್ನೂ ಹೆರದ ಒಬ್ಬಳು. ಎಲ್ಲರನ್ನೂ ಹಿಂದಿನ ಬಾಗಿಲಿನಿಂದ ಇಳಿಜಾರು ದಾರಿಯಲ್ಲಿ ಒಬ್ಬೊಬ್ಬರಾಗಿ ಇಳಿಸಲು ಸುರು ಮಾಡಿದರು. ನೆಲ ಒರೆಸುವ ಹೆಂಗಸು ಎರಡು ತೋಳಿನಲ್ಲಿ ಎರಡು ಕೂಸು ಎತ್ತಿಕೊಂಡು ಹೋದದ್ದನ್ನು ಕಂಡೆ.

ಹತ್ತು ನಿಮಿಷಕ್ಕೆ ಬಾಗಿಲು ನನ್ನನ್ನು ಒಂದು ಬೆರಳಷ್ಟು ಮುಂದಕ್ಕೆ ತಳ್ಳಿತ್ತು. ಆ ಸ್ಪ್ರಿಂಗ್ ಹಳೆಯ ಕಾಲದ್ದು, ಸುಸ್ತೆಂಬುದೇ ಗೊತ್ತಿಲ್ಲದ್ದು. ನಾನು ಹಾಗಲ್ಲ. ಜಾರಿದರೆ ಬಾಗಿಲು ನೇರ ಅದರ ನೆತ್ತಿಗೆ ಬಡಿಯುತ್ತದೆ.

"ಜರುಗು," ಎಂದಳು ಅಕ್ಕ.

"ನೀನು ಹೋಗು ಅಕ್ಕ. ಇಬ್ಬರೂ ಯಾಕೆ?"

"ಜರುಗೋ ಅಂದ್ರೆ. ನನಗೆ ಮೂರನೇ ನಂಬರ್ ಕೊಟ್ಟಿದ್ದು ಅಪ್ಪ, ನಿನಗಲ್ಲ."

ಪಕ್ಕದಲ್ಲಿ ಬೆನ್ನು ಕೊಟ್ಟು ನಿಂತಳು. ಬಾಗಿಲು ಹಗುರಾಯಿತು. ನಮ್ಮಿಬ್ಬರ ಕಾಲ ಬಳಿ ಗುಲಾಬಿ ಟೋಪಿ.

"ಮೂವತ್ತು ವರ್ಷ," ಎಂದಳು. "ಎಷ್ಟು ಕೂಸು ಇದರ ಪಕ್ಕ ದಾಟಿ ಮನೆಗೆ ಹೋಗಿಲ್ಲ. ದೇವರು ಕಾದ, ಅಲ್ವೇನೋ?"

"ಕಾದ."

"ಚಿಕ್ಕೋನನ್ನ ಯಾಕೆ ಕಾಯಲಿಲ್ಲ?"

ದೇವರಲ್ಲಿ ನನಗೆ ನಂಬಿಕೆ ಇದೆ. ಅರವತ್ತು ವರ್ಷದಿಂದ ಒಂದು ಹೊತ್ತಿನ ಪ್ರಾರ್ಥನೆ ತಪ್ಪಿಸಿದವನಲ್ಲ. ಆದರೂ ಅವಳಿಗೆ ಹೇಳಿದ್ದು ನನಗೆ ಗೊತ್ತಿದ್ದ ಒಂದೇ ಮಾತು. "ಅವನನ್ನ ಕಾಯೋ ಕೆಲಸ ನನಗೆ ಕೊಟ್ಟಿದ್ದ, ಅಕ್ಕ. ನಾನು ನಾಳೆ ಅಂದೆ."

ಬಾಗಿಲಿಗೆ ಆನಿಸಿದ್ದ ಅವಳ ಭುಜ ನನ್ನ ಭುಜಕ್ಕೆ ಒತ್ತಿಕೊಂಡಿತು.

ಸಾಹೇಬರು ನಲವತ್ತು ನಿಮಿಷ ಎಂದವರು ಮೂವತ್ತೈದಕ್ಕೆ ಬಂದರು. ಇಬ್ಬರು ಸಹಾಯಕರು ನಮ್ಮ ಬದಲು ಬಾಗಿಲು ಹಿಡಿದುಕೊಂಡರು. ಸಾಹೇಬರು ಮೊಣಕಾಲೂರಿ, ಎಡಗೈಯಲ್ಲಿ ಉಳಿದ ಮೂರು ಬೆರಳಿನಿಂದ ಟೋಪಿಯನ್ನು ಎಷ್ಟು ನಾಜೂಕಾಗಿ ತೆಗೆದರೆಂದರೆ ಒಳಗೆ ಕೂಸೇ ಇದೆಯೆನ್ನಬೇಕು. ಅದನ್ನು ಅಕ್ಕನ ಕೈಗೆ ಕೊಟ್ಟರು.

"ಬಾವಿ ಬಹಳ ಎತ್ತರದಲ್ಲಿದೆಯಲ್ಲಮ್ಮ," ಎಂದರು.

ಮರಳು ತುಂಬಿದ ಪೆಟ್ಟಿಗೆಯಲ್ಲಿ ಅದನ್ನು ಇಳಿಸಿಕೊಂಡು ಹೋದರು. ವಾರ್ಡಿನಲ್ಲಿ ಇನ್ನೂ ಹೆರದಿದ್ದವಳು ಅವತ್ತು ಸಂಜೆ ಆಸ್ಪತ್ರೆಯ ಹಿಂದಿನ ಔಷಧದ ಗೋದಾಮಿನಲ್ಲೇ ಹೆತ್ತಳೆಂದು ಮರುದಿನ ತಿಳಿಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ಎರಡನ್ನೂ ಸಿಡಿಸುವುದೆಂದು ಆಯಿತು. ನಾವು ಬರಬಹುದೆ ಎಂದು ಕೇಳಿದೆ. ಒಂದು ಮೈಲಿ ದೂರದ ತಿರುವಿನಲ್ಲಿ ನಿಲ್ಲುವುದಾದರೆ ಬನ್ನಿ ಎಂದರು. ತಮ್ಮನ ಹೆಂಡತಿಯೂ ಬಂದಳು. ಸಿಡಿಸುವ ಮೊದಲು ಸಾಹೇಬರು ನನ್ನ ಹೇಳಿಕೆಯ ಕಾಗದ ತಂದರು. ಓದಿ ಸಹಿ ಹಾಕಬೇಕು. ಯಾರು ತಂದದ್ದು ಎಂಬಲ್ಲಿ ಅಪ್ಪನ ಹೆಸರಿತ್ತು. ಹೇಗೆ ಸಿಡಿಯಿತು ಎಂಬಲ್ಲಿ ಹಿಡಿ ಹಾಕಲು ತೂತು ಕೊರೆಯುವಾಗ ಎಂದಿತ್ತು.

"ಇದರ ಕೆಳಗೆ ಒಂದು ಸಾಲು ಸೇರಿಸಿ," ಎಂದೆ. "ಹಿಡಿ ಹೊಲಿದುಕೊಡಲು ಮೃತನು ಅಣ್ಣನನ್ನು ಮೂರು ತಿಂಗಳಿಂದ ಕೇಳುತ್ತಿದ್ದನು. ಅಣ್ಣ ಹೊಲಿದುಕೊಡಲಿಲ್ಲ."

"ಅದು ನಮಗೆ ಬೇಕಾದ ವಿಷಯ ಅಲ್ಲ, ಯಜಮಾನ್ರೇ."

"ನನಗೆ ಬೇಕು."

ಅವರು ಬರೆದರು. "ಹಂಗಾದ್ರೆ ನಾನು ಬಾವಿ ಅಂದಿದ್ದನ್ನೂ ಬರೀಪ್ಪ," ಎಂದಳು ಅಕ್ಕ. ಅದನ್ನೂ ಬರೆದರು. ತಮ್ಮನ ಹೆಂಡತಿ ಕಾಗದ ಇಸಿದುಕೊಂಡು ನಿಧಾನವಾಗಿ ಓದಿದಳು. ಓದಿ, "ಅವರು ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡಿರಲಿಲ್ಲ ಭಾವ," ಎಂದಳು. "ಅಣ್ಣನ ಹೊಲಿಗೆ ಬಂದ್ರೆ ಇನ್ನು ಐವತ್ತು ವರ್ಷ ನೋಡೋ ಹಾಗಿಲ್ಲ ಅಂತಿದ್ರು." ನಾನು ಸಹಿ ಹಾಕಿದೆ. ಶೆಲ್‌ಗಳು ಸಿಕ್ಕಿದ ಇಟ್ಟಿಗೆ ಬಯಲನ್ನು ಸೋಮವಾರದಿಂದ ತೋರಿಸಿಕೊಡುವುದಾಗಿಯೂ ಒಪ್ಪಿದೆ. ಅಲ್ಲೀಗ ಮನೆಗಳಾಗಿವೆ. ಅಪ್ಪ ಮೂರು ತಂದರೆಂದ ಮಾತ್ರಕ್ಕೆ ಅಲ್ಲಿ ಮೂರೇ ಇದ್ದವೆಂದು ಯಾರು ಹೇಳಬೇಕು? ಅಪ್ಪನ ಜೊತೆ ಆ ಬಯಲಿಗೆ ಹೋಗಿ ಬಂದವರಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಕಾಲಿನಲ್ಲಿ ಬಲವಿರುವಷ್ಟು ದಿನ ಹೋಗುತ್ತೇನೆ, ಒಂದೊಂದು ಹಿತ್ತಿಲನ್ನೂ ತೋರಿಸುತ್ತೇನೆ. ಇನ್ನು ನಾಳೆ ಎನ್ನುವುದಿಲ್ಲ.

ಮೊದಲನೆಯದು ಸಿಡಿದಾಗ ಕಾಲ ಕೆಳಗಿನ ನೆಲ ಅದುರಿತು. ಎರಡನೆಯದಕ್ಕೆ ಗಣಿಯ ಮೇಲೆ ಬಿಳಿಯ ಧೂಳು ಎದ್ದು ನಿಂತಿತು. ಅಕ್ಕ ಬೆರಳು ಮಡಿಸಿ ಎಣಿಸಿದಳು: ಒಂದು, ಮೂರು. ನಡುವಿನ ಬೆರಳನ್ನು ಮಡಿಸಲಿಲ್ಲ.

ಅಂಗಡಿಗೆ ಬಂದೆ. ಭಾರವನ್ನು ಎತ್ತಿಕೊಂಡು ಹೋದ ಮೇಲೆ ಮಂದಿರದ ಪುಸ್ತಕ ಮೇಜಿನ ಮೇಲೆ ಒಂಟಿಯಾಗಿ ಕುಳಿತಿತ್ತು. ಹಲಗೆಯಷ್ಟು ಚಪ್ಪಟೆಯಾಗಿ ಬಂದಿತ್ತು. ಕೈ ತೊಳೆದುಕೊಂಡು ಮೊದಲ ಬಾರಿಗೆ ಅದನ್ನು ತೆರೆದೆ. ಬೆನ್ನು ಸಣ್ಣಗೆ ಕಿರುಗುಟ್ಟಿತು. ಪುಸ್ತಕದಲ್ಲಿ ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಇದೆ, ನನಗೆ ಬಾಯಿಪಾಠವೂ ಇದೆ. ಅದನ್ನು ಹೇಳಿದೆ. ಹೇಳಿ ಮುಗಿಸಿದ ಮೇಲೂ ಏಳಲಾಗಲಿಲ್ಲ. ನನ್ನ ಮಾತಿನಲ್ಲಿಯೇ ಇಷ್ಟನ್ನು ಸೇರಿಸಿದೆ.

ದೇವರೇ, ನನ್ನ ತಮ್ಮ ನಿನ್ನ ಬಳಿ ಬಂದಿದ್ದಾನೆ. ರಟ್ಟಿನ ಪೆಟ್ಟಿಗೆ ಮಾಡುತ್ತಿದ್ದವನು, ಮಾತಿಗೊಂದು ಗಾದೆ ಹೇಳುವವನು. ನಿನಗೆ ಗುರುತು ಸಿಗುತ್ತದೆ. ಬಲು ದೊಡ್ಡ ಸದ್ದಿನಲ್ಲಿ ಹೊರಟು ಬಂದವನು, ಅವನನ್ನು ಸದ್ದಿಲ್ಲದ ಜಾಗದಲ್ಲಿ ಕೂರಿಸು. ಅಪ್ಪನೂ ಅಲ್ಲೇ ಇರುತ್ತಾರೆ. ಅವರು ತಿಳಿಯದೆ ಮಾಡಿದರು. ಮಗನ ಮುಖ ನೋಡಲು ಅವರಿಗೆ ಧೈರ್ಯ ಕೊಡು. ನನ್ನ ಪಾಲಿನ ತಪ್ಪನ್ನು ನನ್ನ ತಲೆಗೇ ಬಿಡು, ಅವನ ದಾರಿಗೆ ಅದು ಅಡ್ಡ ಬಾರದಿರಲಿ. ಅವನ ಕೈಗಳಿಗೆ ಇನ್ನು ಭಾರ ಬೇಡ. ಅವನಿಗೆ ಶಾಂತಿ ಕೊಡು.